ಅರಕಲಗೂಡಿನಲ್ಲಿ ಇಲ್ಲದ ಗಂಡು

"ಇದು ಎಲೆಯಡಿಕೆಯ ಕೆಂಪಲ್ಲ."

ಹಲ್ಲಿನ ಡಾಕ್ಟರ್ ಪಾಲಾಕ್ಷ ಪೀಕದಾನಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಷ್ಟು ಹೇಳಿದ್ದೇ ತಡ, ಹೊಳೆನರಸೀಪುರದ ಛತ್ರದ ಆ ಕೋಣೆಯಲ್ಲಿ ಗಾಳಿ ನಿಂತುಹೋಯಿತು. ಗಾಳಿಯೇನು, ಊರ ಪಕ್ಕದ ಹೇಮಾವತಿಯೂ ಒಂದು ಗಳಿಗೆ ಹರಿಯುವುದನ್ನು ಮರೆತಳು. ನಂಬಿಕೆ ಬಾರದವರು ಹೋಗಿ ಹೊಳೆಯನ್ನೇ ಕೇಳಿ. ಪ್ರೇಮಕಥೆ ಹೇಳುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸುಳ್ಳು ಹೇಳಿ ಹೆಸರು ಕೆಡಿಸಿಕೊಳ್ಳುವ ದರ್ದು ನನಗೇನಿದೆ?

ಬಾಗಿಲ ಬಳಿ ನಿಂತಿದ್ದ ನೀಲಗಂಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವಳ ಕಣ್ಣುಗಳ ವಿಷಯ ಹೇಳಲೇಬೇಕು. ಆ ಕಣ್ಣು ಕಂಡ ಎತ್ತುಗಳು ಗಾಡಿ ಎಳೆಯುವುದನ್ನು ಬಿಟ್ಟು ನಿಲ್ಲುತ್ತಿದ್ದವು. ಅವಳಪ್ಪ ಚನ್ನಬಸವಯ್ಯನವರ ಬೆಲ್ಲದ ಮಂಡಿಯ ಇರುವೆಗಳು ಬೆಲ್ಲ ಬಿಟ್ಟು ಅವಳ ಹಿಂದೆ ಸಾಲು ಹೋಗುತ್ತಿದ್ದವಂತೆ. ಅಂಥ ಹುಡುಗಿ ಯಾರ ಮುಂದೆಯೂ ಬಾಯಿ ಬಿಟ್ಟು ನಕ್ಕದ್ದಿಲ್ಲ. ಬಾಯಿ ತುಂಬ ಯಾವಾಗಲೂ ಎಲೆಯಡಿಕೆ.

ಅವಳು ಬಂದದ್ದು ಅಜ್ಜಿಯ ಜೊತೆ. ಅಜ್ಜಿ ದಾಕ್ಷಾಯಣಮ್ಮನ ದವಡೆ ಹಲ್ಲು ನೋಯುತ್ತಿತ್ತು. ಡಾಕ್ಟರು ಅಜ್ಜಿಯ ಬಾಯಿ ನೋಡಿ ಮುಗಿಸಿ ತಿರುಗುವಷ್ಟರಲ್ಲಿ, ಮೊಮ್ಮಗಳು ಕಳ್ಳತನದಲ್ಲಿ ಪೀಕದಾನಿಗೆ ಉಗುಳಿದ್ದಳು. ಅದು ಅವನ ಕಣ್ಣಿಗೆ ಬಿತ್ತು.

"ಎಲೆಯಡಿಕೇದೇ ಕಣಪ್ಪ ಅದು," ಅಜ್ಜಿ ಅವಸರದಲ್ಲಿ ಹೇಳಿದಳು. "ಅರಕಲಗೂಡಿನ ಕಡೆ ಗಂಡು ಗೊತ್ತಾಗೈತೆ ಇವಳಿಗೆ. ವೀಳ್ಯಶಾಸ್ತ್ರ ಆದ ಹುಡುಗಿ ಎಲೆ ಹಾಕ್ಕಳದ ಕಂಡಿಲ್ವಾ ನೀನು?"

ಅವರ ಜನದಲ್ಲಿ ಮದುವೆಯಾಗದ ಹುಡುಗಿಯರು ಎಲೆಯಡಿಕೆ ಮುಟ್ಟುವುದಿಲ್ಲ. ವೀಳ್ಯ ಬದಲಾಯಿಸಿ, ಗಂಡು ಇಂಥವನೇ ಎಂದು ಗೊತ್ತಾದ ಮೇಲೆ ಮಾತ್ರ ತುಟಿ ಕೆಂಪಾಗಬಹುದು. ಚನ್ನರಾಯಪಟ್ಟಣದಲ್ಲಿ ಹುಟ್ಟಿ ಬೆಳೆದ ಪಾಲಾಕ್ಷನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಓದುಗರಿಗೆ ಗುಟ್ಟು ಹೇಳಿಬಿಡುತ್ತೇನೆ. ಅರಕಲಗೂಡಿನಲ್ಲಿ ಗಂಡೂ ಇರಲಿಲ್ಲ, ಗಿಂಡೂ ಇರಲಿಲ್ಲ. ನೀಲಗಂಗೆಯ ತಾಯಿ ಕ್ಷಯದಲ್ಲಿ, ರಕ್ತ ಕಾರಿ ಸತ್ತಿದ್ದಳು. ಒಂದು ದಿನ ಮಗಳು ಬಾಯಿ ಮುಕ್ಕಳಿಸಿದ ನೀರೂ ಕೆಂಪಾಗಿ ಕಂಡಾಗ ಅಜ್ಜಿಯ ಎದೆ ಒಡೆಯಿತು. ಅವಳು ಮರುಮಾತಿಲ್ಲದೆ ತನ್ನ ಸಂಚಿಯಿಂದ ಎಲೆ ತೆಗೆದು ಮಡಿಸಿ ಮೊಮ್ಮಗಳ ಬಾಯಿಗಿಟ್ಟಳು. ಕೆಂಪಿನೊಳಗೆ ಕೆಂಪು ಮುಚ್ಚಿಹೋಗಲಿ ಎಂದು. ಎಲೆಗೊಂದು ಕಾರಣ ಬೇಕಲ್ಲ? ಅದಕ್ಕೇ ಅರಕಲಗೂಡಿನ ಗಂಡು ಹುಟ್ಟಿಕೊಂಡ.

"ಒಳಗೆ ಬನ್ನಿ. ಕೂತ್ಕೊಳ್ಳಿ," ಎಂದ ಪಾಲಾಕ್ಷ.

"ನಂಗೇನೂ ಆಗಿಲ್ಲ."

"ಏನೂ ಆಗದೆ ಇದ್ರೆ ನೋಡೋದು ಬೇಗ ಮುಗಿಯುತ್ತೆ."

ಅವನ ದನಿಯಲ್ಲಿ ಜೋರಿರಲಿಲ್ಲ. ಆದರೂ ಅವಳ ಕಾಲುಗಳು ಅವಳನ್ನು ಕೇಳದೆ ನಡೆದುಹೋಗಿ ಆ ಎತ್ತರದ ಕುರ್ಚಿಯಲ್ಲಿ ಕೂರಿಸಿದವು. ಇವತ್ತು ಗೊತ್ತಾಗಿಬಿಡುತ್ತೆ... ಎಷ್ಟು ದಿನ ಬದುಕ್ತೀನಿ ಅಂತ ಇವನು ಹೇಳಿಬಿಡ್ತಾನೆ...

"ಕೆಮ್ಮು ಇದೆಯಾ?"

ಇಲ್ಲವೆಂದು ತಲೆ ಅಲ್ಲಾಡಿತು.

"ಸಂಜೆ ಹೊತ್ತು ಜ್ವರ? ಮೈ ಇಳಿದಿದೆಯಾ?"

"ಇಲ್ಲ."

"ಊಟ ಸೇರುತ್ತಾ?"

"ಸೇರ್ತದೆ. ತಿನ್ನಕ್ಕೇ ಭಯ."

"ಯಾಕೆ?"

"ಅನ್ನದ ಮೇಲೆ ಕೆಂಪು ಬೀಳ್ತದೆ."

ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಪಾಲಾಕ್ಷ ಕೈ ತೊಳೆದು, ನೀಲಗಂಗೆ ಬಾಯಿ ಮುಕ್ಕಳಿಸಿ ಎಲೆಯ ಚೂರೆಲ್ಲ ಹೋಗುವವರೆಗೆ ಕಾದ. ಆಮೇಲೆ ಒಸಡಿನ ಬಣ್ಣ ನೋಡಿದ. ತಿಳಿಗೆಂಪಿರಬೇಕಾದ ಜಾಗ ನೇರಳೆಗೆ ತಿರುಗಿ ಊದಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಹಲ್ಲಿನ ಬುಡದಿಂದ ಕೀವಿನ ಒಂದು ಹನಿ ಜಿನುಗಿತು.

ಅವನು ಹತ್ತಿಯಿಂದ ಒಸಡನ್ನು ಒರೆಸಿ ಒಣಗಿಸಿ ಅವಳ ಕೈಗೊಂದು ಕನ್ನಡಿ ಕೊಟ್ಟ.

"ಈಗ ರಕ್ತ ಇಲ್ಲ, ಅಲ್ವಾ? ನೋಡ್ತಾ ಇರಿ."

ಮೊಂಡು ತುದಿಯ, ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ, ಹೂವಿನ ದಳ ಬಿಡಿಸುವಷ್ಟು ಹಗುರವಾಗಿ ಸರಿಸಿದ. ಕಡ್ಡಿ ಹೋದ ದಾರಿಯಲ್ಲಿ ಒಂದೊಂದೇ ಕೆಂಪು ಮಣಿ ಮೂಡಿತು.

"ಕಂಡ್ತಾ? ರಕ್ತ ಬರ್ತಿರೋದು ಇಲ್ಲಿಂದ. ಎದೆಯಿಂದ ಅಲ್ಲ."

ಅವಳು ಕನ್ನಡಿ ಇಳಿಸಿದಳು. "ಅಂಗಾದ್ರೆ... ನಾನು ಸಾಯಲ್ವಾ?"

"ಎಲ್ಲರೂ ಸಾಯ್ತೀವಿ. ನೀವು ಈ ಒಸಡಿಂದ ಸಾಯಲ್ಲ. ಅನುಮಾನ ಇದ್ರೆ ಹಾಸನದ ಆಸ್ಪತ್ರೇಲಿ ಕಫ ತೋರಿಸಿ. ನನಗಂತೂ ಇಲ್ಲ."

ನೀಲಗಂಗೆ ಅತ್ತಳು. ಎಷ್ಟು ಅತ್ತಳೆಂದರೆ, ಆ ವರ್ಷ ಕೆಳಗಿನ ಗದ್ದೆಯವರು ನಾಲೆಗೆ ಕಾಯಲೇ ಇಲ್ಲ. ತಾನು ಬದುಕುತ್ತೇನೆ ಎಂದು ಮೊದಲು ಹೇಳಿದ ಮನುಷ್ಯನ ಮುಖವನ್ನು ಅವಳು ಕಣ್ಣೀರಿನ ನಡುವೆಯೇ ನೋಡಿದಳು. ನೋಡಬಾರದಿತ್ತು. ನೋಡಿಬಿಟ್ಟಳು.

ಪಾಲಾಕ್ಷನಿಗೆ ಮಾತ್ರ ಸಮಾಧಾನವಿರಲಿಲ್ಲ. ಆರೋಗ್ಯವಾಗಿರುವ ಒಸಡಿನಲ್ಲಿ ಆ ಕಡ್ಡಿ ಮೊದಲ ಗೆರೆಯ ಹತ್ತಿರವೇ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಬಳಿ ಅದು ಗೆರೆಗಳನ್ನೆಲ್ಲ ಮುಳುಗಿಸಿಕೊಂಡು ಇಳಿದಿತ್ತು. ಎರಡು ಸಲಕರಣೆಗಳ ಹಿಡಿಗಳ ನಡುವೆ ಹಲ್ಲನ್ನು ಹಿಡಿದು ಅಲುಗಿಸಿದಾಗ ಅದು ಹಿಂದೆ ಮುಂದೆ ಆಡಿತು.

"ಹಲ್ಲಲ್ಲಿ ಒಂದು ಹುಳುಕೂ ಇಲ್ಲ. ಬೆಲ್ಲದ ಮಂಡಿ ಮನೆಯವರ ಹಲ್ಲು ಅಂದ್ರೆ ಯಾರೂ ನಂಬಲ್ಲ," ಎಂದ. "ಆದ್ರೆ ಕಂಬ ಗಟ್ಟಿ ಇದ್ದು ಏನು ಬಂತು, ಹೂತಿರೋ ನೆಲವೇ ಕರಗ್ತಿದೆ. ಪಯೋರಿಯಾ ಅಂತಾರೆ. ಎಲೆಯಡಿಕೆ ಇವತ್ತಿಗೇ ಬಿಡಬೇಕು. ನಾನು ವಾರ ವಾರ ಬರ್ತೀನಿ, ತೋರಿಸ್ಕೊಳ್ಳಿ."

ಆಮೇಲೆ ತನಗೆ ತಾನೇ ಎಂಬಂತೆ ಸೇರಿಸಿದ. "ಮದುವೆ ಹೊತ್ತಿಗೆ ಒಂದಿಷ್ಟಾದ್ರೂ ಗಟ್ಟಿ ಮಾಡಬೇಕು."

ಅವನು ಹೇಳಿದ್ದು ಅರಕಲಗೂಡಿನ ಮದುವೆ. ಅವಳು ಕೇಳಿಸಿಕೊಂಡದ್ದು ಬೇರೆ.

*

ಅದು ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಹಾಸನದಲ್ಲಿ ಬಸ್ಸು ಹತ್ತಿದ ಮದುವಣಿಗ ಹೊಳೆನರಸೀಪುರದಲ್ಲಿ ಇಳಿಯುವಾಗ ಮೊಮ್ಮಕ್ಕಳನ್ನು ಕಂಡಿರುತ್ತಿದ್ದ. ಅಂಥ ಬಸ್ಸಿನಲ್ಲಿ ಪಾಲಾಕ್ಷ ಮತ್ತು ಅವನ ಮುದಿ ಕಾಂಪೌಂಡರ್ ಗುಂಡಯ್ಯ ಪ್ರತಿ ವಾರ ಹಾಸನದಿಂದ ಮಸಿ ಮೆತ್ತಿಕೊಂಡು ಬಂದಿಳಿಯುತ್ತಿದ್ದರು.

ನೀಲಗಂಗೆ ಎಲೆಯಡಿಕೆ ಬಿಟ್ಟಳು. ಉಪ್ಪು ನೀರಿನಲ್ಲಿ ಮುಕ್ಕಳಿಸಿದಳು. ಅವನು ಹೇಳಿಕೊಟ್ಟಂತೆ ಬೆರಳಿನಿಂದ ಒಸಡು ತಿಕ್ಕಿದಳು. ವಾರ ವಾರ ಅವನು ಹಲ್ಲಿನ ಬುಡಕ್ಕೆ ಕಟ್ಟಿದ ಗಟ್ಟಿ ಕಿಟ್ಟವನ್ನು ಕೆರೆದು ತೆಗೆಯುತ್ತಿದ್ದ. ನೋಯುತ್ತಿತ್ತು. ಅವಳು ಆ ನೋವಿಗಾಗಿ ವಾರವಿಡೀ ಕಾಯುತ್ತಿದ್ದಳು.

"ನೋವಾದ್ರೆ ಕೈ ಎತ್ತಿ," ಅನ್ನುತ್ತಿದ್ದ ಅವನು.

ಅವಳು ಎತ್ತುತ್ತಿರಲಿಲ್ಲ.

"ಕೈ ಎತ್ತಮ್ಮ ತಾಯಿ," ಗುಂಡಯ್ಯ ಗೊಣಗುತ್ತಿದ್ದ. "ನೀನು ಸುಮ್ಮನಿದ್ರೆ ಇವರಿಗೆ ಬೆವರು ಕಿತ್ಕತದೆ. ಹಾಸನದ ಅಮಲ್ದಾರರ ಹಲ್ಲು ಕೀಳುವಾಗ ಬರದ ಬೆವರು."

"ಗುಂಡಯ್ಯ, ಹತ್ತಿ ಕೊಡಿ."

"ನಿಮ್ಮ ಹಣೆಗಾ ಸಾ, ಅವರ ಬಾಯ್ಗಾ?"

ನೀಲಗಂಗೆಗೆ ನಗು ಬಂತು. ಬಾಯಿ ತೆರೆದೇ ಇದ್ದುದರಿಂದ ಮುಚ್ಚಿಕೊಳ್ಳಲು ಆಗಲಿಲ್ಲ. ಪಾಲಾಕ್ಷನ ಕೈ ಕ್ಷಣ ನಿಂತಿತು. ಆಮೇಲೆ ಅವನು ಅಗತ್ಯಕ್ಕಿಂತ ಗಂಭೀರನಾದ. ಬೇರೆಯವರಿಗೆ ಗೊತ್ತಾದ ಹುಡುಗಿ... ನೋಡಬೇಕಾದ್ದು ಒಸಡು, ನಗುವನ್ನಲ್ಲ...

ಅವಳ ಲೆಕ್ಕವೇ ಬೇರೆ. ಎಲೆ ಹಾಕುತ್ತಿದ್ದುದೇ ಸುಳ್ಳು ಎಂದು ಇವನಿಗೆ ಗೊತ್ತಾಯಿತಲ್ಲ, ಹಾಗಾದರೆ ವೀಳ್ಯವೂ ಸುಳ್ಳು ಎಂದು ಗೊತ್ತಾಗಿಯೇ ಇರುತ್ತದೆ. ಗಂಡೇ ಇಲ್ಲವೆಂದು ಗೊತ್ತಿದ್ದೂ "ಮದುವೆ ಹೊತ್ತಿಗೆ" ಅಂತಾನಲ್ಲ... ಯಾರ ಮದುವೆ? ಅವಳು ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ಅಜ್ಜಿಯೋ, ಆ ಸುಳ್ಳನ್ನು ಊರಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದಳೆಂದರೆ, ಡಾಕ್ಟರಿಗೂ ಹೇಳಿದ್ದು ಮರೆತೇಹೋಗಿತ್ತು.

ರಕ್ತ ಕಡಿಮೆಯಾಯಿತು. ಒಸಡಿನ ನೇರಳೆ ತಿಳಿಯಾಯಿತು. ಆದರೆ ಕಡ್ಡಿ ಮುಂದಿನ ಹಲ್ಲುಗಳ ಬಳಿ ಮೊದಲಿನಷ್ಟೇ ಆಳಕ್ಕೆ ಇಳಿಯುತ್ತಿತ್ತು. ಕರಗಿದ ಮೂಳೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಅವಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ದಿನಕ್ಕೆ ನಲವತ್ತು ಜನರ ಬಾಯಿ ನೋಡುವ ಡಾಕ್ಟರಿಗೆ ತನ್ನ ಬಾಯಿ ತೆರೆಯಲಾಗಲಿಲ್ಲ.

*

ಬೆಂಕಿ ಹತ್ತಿಸಿದ್ದು ಗುಂಡಯ್ಯನ ಒಂದು ಮಾತು. ಅದೂ ಅವನದಲ್ಲ, ಊರಿನದು.

"ಕೇಳಿದ್ರಾ ಸಾ? ಬೆಲ್ಲದ ಮಂಡಿ ಹುಡುಗಿ ಎಲೆ ಬಿಟ್ಟವ್ಳಂತೆ. ಅರಕಲಗೂಡಿನವರು ಸಂಬಂಧ ಮುರ್ಕಂಡ್ಬುಟ್ರಂತೆ."

ಪಾಲಾಕ್ಷನ ಕೈಯ ಚಿಮಟ ತಟ್ಟೆಗೆ ಬಿತ್ತು. ಎಲೆ ಬಿಡು ಎಂದವನು ತಾನು. ಯಾರೋ ರಕ್ತದ ಸುದ್ದಿ ಅಲ್ಲಿಗೆ ಮುಟ್ಟಿಸಿರಬೇಕು. ತಾಯಿಯಂತೆ ಮಗಳಿಗೂ ಕ್ಷಯ ಎಂದುಕೊಂಡು ಬಿಟ್ಟುಬಿಟ್ಟಿರಬೇಕು. ಅವಳ ಬಾಳು ತನ್ನ ಕೈಯಿಂದ ಹಾಳಾಯಿತು.

ಅವನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನೀವೂ ನಾನೂ ಮಲಗಿಕೊಳ್ಳಬಹುದಿತ್ತು. ಅವನು ಮಾರನೆಯ ದಿನವೇ ಅರಕಲಗೂಡಿನ ಬಸ್ಸು ಹತ್ತಿದ, ಇಲ್ಲದ ಗಂಡನ್ನು ಹುಡುಕಿ ಒಪ್ಪಿಸುವುದಕ್ಕೆ.

ಪೇಟೆಯ ಜವಳಿ ಅಂಗಡಿಯ ಬಸವರಾಜುವನ್ನು ಮೊದಲು ವಿಚಾರಿಸಿದ.

"ಹೊಳೆನರಸೀಪುರದ ಚನ್ನಬಸವಯ್ಯನವರ ಮಗಳನ್ನ ಗೊತ್ತು ಮಾಡ್ಕೊಂಡಿದ್ರಲ್ಲ, ಅವರ ಮನೆ ಯಾವುದು?"

"ಯಾಕ್ ಸಾ, ಏನಾಯ್ತು?"

"ಆ ಹುಡುಗಿಗೆ ಕ್ಷಯ ಇಲ್ಲ. ಅಷ್ಟು ಹೇಳಿ ಹೋಗೋಣ ಅಂತ."

"ಕ್ಷಯನಾ? ಯಾರಿಗ್ ಸಾ ಕ್ಷಯ?"

"ಇಲ್ಲ ಅಂತ ತಾನೇ ಹೇಳ್ತಿರೋದು. ಬಾಯಲ್ಲಿ ರಕ್ತ ಬರ್ತಿತ್ತು ನಿಜ, ಆದ್ರೆ ಅದು..."

"ರಕ್ತ ಬತ್ತಿತ್ತಾ?" ಬಸವರಾಜು ಪಕ್ಕದ ಅಂಗಡಿಯತ್ತ ತಿರುಗಿದ. "ಲೇ, ಬಾರ್ಲಾ ಇಲ್ಲಿ. ರಕ್ತ ಬತ್ತಿತ್ತಂತೆ ಕಣ್ಲಾ."

ಪಾಲಾಕ್ಷ ಬಿಡಿಸಿ ಹೇಳಿದ. ಒಸಡು, ಮೂಳೆ, ಕಡ್ಡಿ, ಗೆರೆ, ಎಲ್ಲ ಹೇಳಿದ. ಒಂದೊಂದು ಅಂಗಡಿಯಲ್ಲೂ ಹೇಳಿದ. ಕಾಫಿ ಹೋಟೆಲಿನಲ್ಲಿ ತನ್ನದೇ ತುಟಿ ಎತ್ತಿ ತೋರಿಸಿ ಹೇಳಿದ. ಅವನು ಹೇಳಿದ ಸಾವಿರ ಮಾತಿನಲ್ಲಿ ಪೇಟೆಗೆ ಕೇಳಿಸಿದ್ದು ಎರಡೇ: ಕ್ಷಯ, ರಕ್ತ.

ಗಂಡು ಮಾತ್ರ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬ ಮುದುಕ ಅವನ ಮೇಲೆ ಕರುಣೆಯಿಟ್ಟು ಹೇಳಿದ. "ನಮ್ಮೂರಲ್ಲಿ ಎಲ್ಲಾರ ಮನೆ ವೀಳ್ಯವೂ ನಂಗೆ ಗೊತ್ತು ಕಣಪ್ಪ. ಆ ಊರಿಂದ ಯಾರೂ ಎಣ್ಣು ತಂದಿಲ್ಲ. ಯಾರೋ ನಿಂಗೆ ಸುಳ್ಳು ಏಳವ್ರೆ."

ಪಾಲಾಕ್ಷ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ. ಒಮ್ಮೆ ನಕ್ಕ. ಆಮೇಲೆ ತಾನು ಇಡೀ ದಿನ ಏನು ಮಾಡಿದೆನೆಂದು ಹೊಳೆದು ಆ ನಗು ಅಲ್ಲೇ ಸತ್ತಿತು.

*

ಸುದ್ದಿ ಅವನ ಬಸ್ಸಿಗಿಂತ ಮುಂಚೆ ಹೊಳೆನರಸೀಪುರ ಮುಟ್ಟಿತ್ತು. ನಾನು ಹೇಳುವುದು ಜಾಸ್ತಿಯೆನಿಸಿದರೆ, ಆ ಬಸ್ಸಿನ ಚಾಳಿ ನೆನಪಿಸಿಕೊಳ್ಳಿ.

ಚನ್ನಬಸವಯ್ಯನವರು ಹೊಸಿಲಿನಲ್ಲೇ ಅವನನ್ನು ತಡೆದರು.

"ಅಲ್ಲಾ ಡಾಕ್ಟ್ರೇ, ನಮ್ಮನೆ ಮಾನಾನ ಪೇಟೆ ಬೀದಿಲಿ ಸುರಿದು ಬಂದ್ರಲ್ಲ. ಇನ್ನೇನು ಉಳಿದದೆ, ತಗೊಂಡೋಗಕ್ಕೆ ಬಂದ್ರಾ?"

"ನಾನು ಒಳ್ಳೇದಕ್ಕೆ..."

"ಒಳ್ಳೇದು ಮಾಡಿದ್ದು ಸಾಕು. ಇನ್ನು ಈ ಬಾಗಿಲಿಗೆ ಬರಬ್ಯಾಡಿ."

ಬಾಗಿಲ ಹಿಂದೆ ನೀಲಗಂಗೆ ನಿಂತಿದ್ದಳು. ಅಪ್ಪನ ಕೋಪ ಅವಳನ್ನು ಮುಟ್ಟಲಿಲ್ಲ. ಊರಿನ ಮಾತೂ ಮುಟ್ಟಲಿಲ್ಲ. ಅವಳೊಳಗೆ ಒಂದೇ ಮಾತು ಸುತ್ತುತ್ತಿತ್ತು. ನನ್ನನ್ನು ಕಟ್ಟಿಕೋ ಅಂತ ಇನ್ನೊಬ್ಬನನ್ನು ಬೇಡಲು ಬಸ್ಸು ಹತ್ತಿ ಹೋದನಲ್ಲ... ಇಷ್ಟು ವಾರ ನಾನು ಯಾರ ಮದುವೆಯ ಕನಸು ಕಂಡೆ?

ಅವಳು ಹಿತ್ತಲಿಗೆ ಹೋಗಿ ಉಪ್ಪು ನೀರಿನ ಚೊಂಬನ್ನು ಬೋರಲು ಹಾಕಿದಳು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ನನ್ನ ಬಳಿ ಬಣ್ಣವಿಲ್ಲ. ಬೆಲ್ಲ ಕೊಳ್ಳುವವರು ಎದುರಿನ ಮಂಡಿಗೆ ಹೋದರು. ನೆರೆಯ ಹೆಂಗಸರು ಮಕ್ಕಳನ್ನು ಜಗುಲಿಯಿಂದ ಕರೆದುಕೊಂಡರು. ಹೆಣ್ಣು ನೋಡಲು ಯಾರೂ ಬರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಕಫ ನೋಡಿ ಏನೂ ಇಲ್ಲವೆಂದರು, ಅದನ್ನು ನಂಬಲು ಊರಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಅಜ್ಜಿ ಹಾಸಿಗೆ ಹಿಡಿದಳು. "ನನ್ನ ಬಾಯಿಂದ ಆದ್ದು ಇದು," ಎನ್ನುತ್ತಿದ್ದಳು. ನೀಲಗಂಗೆ ಅವಳ ಕಾಲೊತ್ತುತ್ತ, "ಸುಮ್ಕಿರಜ್ಜಿ," ಎನ್ನುತ್ತಿದ್ದಳು.

ಪಾಲಾಕ್ಷ ವಾರ ವಾರ ಬಂದ. ಛತ್ರದ ಕೋಣೆಯಲ್ಲಿ ಬಾಗಿಲು ನೋಡುತ್ತ ಕುಳಿತ. ಅವಳು ಬರಲಿಲ್ಲ.

ಮಳೆಗಾಲ ಮುಗಿದು ಚಳಿ ಹಿಡಿದಾಗ ಅವಳ ಕೆನ್ನೆ, ಗದ್ದ ಊದಿಕೊಂಡವು. ಬಾಯಿ ತೆರೆಯಲಾಗದು, ನುಂಗಲಾಗದು. ಮೈ ಕಾದ ಕಾವಲಿ. ಚನ್ನಬಸವಯ್ಯನವರು ಅವಳನ್ನು ಕಂಬಳಿಯಲ್ಲಿ ಸುತ್ತಿ ಹಾಸನಕ್ಕೆ, ಪಾಲಾಕ್ಷನ ಬಳಿಗೇ ಕರೆತಂದರು. ಹಲ್ಲಿಗೆ ಬೇರೆ ಡಾಕ್ಟರು ಆ ಸುತ್ತಿನಲ್ಲಿ ಇರಲಿಲ್ಲ. ಇದ್ದಿದ್ದರೆ ಅಲ್ಲಿಗೇ ಹೋಗುತ್ತಿದ್ದರು.

*

ಕೀವು ತೆಗೆದು, ಜ್ವರ ಇಳಿಯಲು ಬಿಟ್ಟು, ಅವಳು ಬಾಯಿ ತೆರೆಯುವಂತಾದ ದಿನ ಪಾಲಾಕ್ಷ ಮತ್ತೆ ಪರೀಕ್ಷೆ ಮಾಡಿದ. ಚನ್ನಬಸವಯ್ಯನವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಗುಂಡಯ್ಯ ಅವತ್ತು ತಮಾಷೆ ಮಾಡಲಿಲ್ಲ.

ಕಡ್ಡಿ ಇಳಿಸುವ ಅಗತ್ಯವೇ ಇರಲಿಲ್ಲ. ಒಸಡು ಜಾರಿ ಬೇರು ಕಾಣುತ್ತಿತ್ತು. ಆದರೂ ಹಿಡಿಗಳ ನಡುವೆ ಹಲ್ಲನ್ನು ಹಿಡಿದು ನೋಡಿದ. ಹಿಂದೆ ಮುಂದೆ ಆಡಿತು, ಅಕ್ಕಪಕ್ಕಕ್ಕೆ ಆಡಿತು. ಒತ್ತಿದರೆ ಕೆಳಕ್ಕೂ ಇಳಿಯಿತು. ಹಾಗೆ ಇಳಿಯುವ ಹಲ್ಲನ್ನು ಯಾವ ದೇಶದ ಡಾಕ್ಟರೂ ಉಳಿಸಲಾರ.

"ಉಳೀತದಾ?" ಎಂದಳು.

"ಇಲ್ಲ. ಕೆಳಗಿನ ಮುಂದಿನ ನಾಲ್ಕೂ ಹೋಗ್ಬೇಕು."

"ಮಿಕ್ಕಿದ್ದು?"

ಅವನು ಸಲಕರಣೆ ಕೆಳಗಿಟ್ಟ. "ಒಂದೊಂದಾಗಿ ಹೋಗಬಹುದು. ತಡ ಮಾಡಬಲ್ಲೆ. ತಡೀತೀನಿ ಅಂತ ಹೇಳಲಾರೆ. ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಅವಳು ಕಿಟಕಿಯತ್ತ ತಿರುಗಿದಳು. "ಕಿತ್ತಾಕಿ."

ಸೂಜಿಮದ್ದು ಕೊಟ್ಟು ಕಾಯುವಾಗ ಅವನಿಂದ ತಡೆಯಲಾಗಲಿಲ್ಲ.

"ನೀಲಗಂಗಾ, ನಾನು ಒಂದು ಮಾತು ಕೇಳಬೇಕು. ನನ್ನ ಮದುವೆ ಆಗ್ತೀರಾ?"

ಅವಳು ತಿರುಗಿ ನೋಡಿದ ನೋಟಕ್ಕೆ ಕಬ್ಬಿಣವೂ ತುಕ್ಕು ಹಿಡಿಯುತ್ತಿತ್ತು.

"ಊರಲ್ಲಿ ಹೆಸರು ಕೆಡಿಸಿದ್ದಕ್ಕೆ ತಪ್ಪು ದಂಡ ಕಟ್ತಿದ್ದೀರಾ?"

"ಅಲ್ಲ."

"ಕರುಣೆನಾ?"

"ಅಲ್ಲ."

"ಮತ್ತೆ ಇನ್ಯಾರ್ಗೋ ಕೊಡಕ್ಕೆ ಯಾಕೋದ್ರಿ? ನನ್ನ ಕಟ್ಕೊಳ್ಳಿ ಅಂತ ಅಂಗಡಿ ಅಂಗಡಿ ಬೇಡುದ್ರಂತಲ್ಲ. ನಾನೇನು ಮಾರಾಟಕ್ಕಿದ್ನಾ?"

"ನಿಮಗೆ ಗಂಡು ಗೊತ್ತಾಗಿದೆ ಅಂತ ಅಜ್ಜಿ ಹೇಳಿದ್ರು. ನಾನು ನಂಬಿದೆ. ವೀಳ್ಯ ಆದ ಹುಡುಗೀನ ನಾನು ಏನಂತ ಕೇಳಲಿ?"

ನೀಲಗಂಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಷ್ಟು ದಿನ... ಇವನಿಗೆ ಗೊತ್ತೇ ಇರಲಿಲ್ಲವೇ...

"ಅದು ಸುಳ್ಳು ಅಂತ ನಿಮಗೆ ತಿಳಿದದೆ ಅಂದ್ಕೊಂಡಿದ್ದೆ ನಾನು," ಎಂದಳು ಮೆಲ್ಲಗೆ.

"ಅರಕಲಗೂಡಿನಲ್ಲಿ ತಿಳೀತು. ಗಂಡು ಇಲ್ಲ ಅಂದಾಗ ನನಗೆ ಸಂತೋಷ ಆಯ್ತು. ನಿಮ್ಮ ಮಾನ ಬೀದಿಗೆ ಬಿದ್ದಿರೋವಾಗ ನಾನು ಕಟ್ಟೆ ಮೇಲೆ ಕೂತು ನಕ್ಕೆ. ಅದಕ್ಕೆ ಯಾವ ದಂಡ ಕಟ್ಟಿದ್ರೂ ತೀರಲ್ಲ. ಅದಕ್ಕೇ ದಂಡ ಅಂತ ಕೇಳ್ತಿಲ್ಲ."

ಹೊರಗಿನಿಂದ ಚನ್ನಬಸವಯ್ಯನವರ ದನಿ ಬಂತು. "ಏನಯ್ಯಾ ಗುಂಡಯ್ಯ, ನಾಲ್ಕು ಹಲ್ಲಿಗೆ ಇಷ್ಟು ಹೊತ್ತಾ?"

"ಬೇರು ಆಳ ಇಳಿದದೆ ಸಾಮಿ," ಎಂದ ಗುಂಡಯ್ಯ, ಮತ್ತು ಬಾಗಿಲನ್ನು ತಾನೇ ಮುಂದಕ್ಕೆಳೆದು ಹೊರಗೆ ಹೋದ.

ಹಲ್ಲುಗಳು ಇಕ್ಕಳಕ್ಕೆ ಎದುರಾಡದೆ ಬಂದವು. ನಾಲ್ಕೂ ಬಿಳಿ, ನಾಲ್ಕೂ ಚೊಕ್ಕಟ. ಪಿಂಗಾಣಿ ಬಟ್ಟಲಿನಲ್ಲಿ ಅವನ್ನು ಕಂಡು ನೀಲಗಂಗೆ ಅತ್ತಳು. ಈ ಸಲ ಯಾವ ಗದ್ದೆಗೂ ನೀರಾಗಲಿಲ್ಲ. ಅವನು ಗಾಯಕ್ಕೆ ಹತ್ತಿ ಇಟ್ಟು, ಕಚ್ಚಿಕೊಳ್ಳಿ, ಮಾತಾಡಬೇಡಿ ಎಂದ. ಅವಳು ಕಚ್ಚಿಕೊಂಡಳು.

ಆಮೇಲೆ ಅವಳು ಹತ್ತಿಯನ್ನು ಕೆನ್ನೆಯತ್ತ ಸರಿಸಿದಳು. ಮಾತು ಹಲ್ಲಿಲ್ಲದ ಸಂದಿಯಿಂದ ಜಾರಿ ಜಾರಿ ಬಂತು.

"ಮಿಕ್ಕಿದ್ದೂ ಹೋಗ್ತದೆ ಅಂದ್ರಿ."

"ಹೂಂ."

"ಎಲ್ಲಾ ಹೋದ್ಮೇಲೆ ನಿಮಗೆ ನನ್ನತ್ರ ಏನು ಕೆಲಸ?"

"ಏನೂ ಕೆಲಸ ಇರಲ್ಲ. ಸುಮ್ಮನೆ ಕೂತಿರ್ತೀನಿ."

"ಎಲ್ಲಿ?"

"ನೀವು ಕೂತಿರೋ ಕಡೆ."

ಅವಳು ಅವನನ್ನು ನೋಡಿದಳು. ತುಟಿಯಂಚಿನಲ್ಲಿ ಇಳಿಯುತ್ತಿದ್ದ ರಕ್ತಕ್ಕೆ ಸೆರಗು ಹಿಡಿಯಲಿಲ್ಲ.

"ಹಂಗಾದ್ರೆ ಸ್ಟೂಲು ಹತ್ರಕ್ಕೆ ಎಳ್ಕೊಳ್ಳಿ," ಎಂದಳು. "ಹತ್ತಿ ನೆಂದೋಗ್ಯದೆ. ಬೇರೆ ಇಡಿ."